ಎರಡು ಕಾರು, ಒಂದೇ ಸಪ್ಪಳ

ನವೆಂಬರ್ 3, ಸೋಮವಾರ

ಫೌಂಡ್ರಿಯಲ್ಲಿ ಮೂವತ್ತೆಂಟು ವರ್ಷ ದಿನಾ ಸಂಜೆ ಪುಸ್ತಕದಲ್ಲಿ ಬರೆಯುತ್ತಿದ್ದೆ. ಇಷ್ಟು ಕಾಸ್ಟಿಂಗು ಪಾಸು, ಇಷ್ಟು ರಿಜೆಕ್ಟು, ಕೆಳಗೆ ಕರೆಪ್ಪ ಅಂತ ಸಹಿ. ಐದನೇ ಕ್ಲಾಸಿಗೆ ಸಾಲಿ ಬಿಟ್ಟವನಿಗೆ ಅಷ್ಟು ಬರೆಯಲು ಬಂದರೆ ಸಾಕಿತ್ತು. ರಿಟೈರಾಗಿ ಹತ್ತು ವರ್ಷವಾದರೂ ಸಂಜೆಯಾದರೆ ಬಲಗೈ ಪೆನ್ನು ಹುಡುಕುತ್ತದೆ. ಮಗ ಸಂಜಯ ಕೆಲಸ ಮಾಡುವ ಸೊಸೈಟಿಯಿಂದ ವರ್ಷಕ್ಕೊಂದು ಡೈರಿ ಬರುತ್ತದೆ. ಇದು ಅದೇ. ಓದುವವರು ಯಾರೂ ಇಲ್ಲ. ತಪ್ಪಿದ್ದರೆ ಇರಲಿ.

ಕಾರು ತೆಗೆದುಕೊಳ್ಳುವುದು ಎಂದು ಮನೆಯಲ್ಲಿ ಠರಾವು ಆಗಿದೆ. ಶೋಕಿಗೆ ಅಲ್ಲ. ನನ್ನ ಹೆಂಡತಿ ರೇಣವ್ವ ಜೂನಿನಲ್ಲಿ ಬಚ್ಚಲ ಮುಂದೆ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ರಾಡು ಹಾಕಿದ್ದಾರೆ. ಮನೆಯೊಳಗೆ ನಡೆಯುತ್ತಾಳೆ, ಬಸ್ಸಿನ ಮೆಟ್ಟಿಲು ಹತ್ತಲಾರಳು. ಅವಳ ಅವ್ವ ಖಾನಾಪುರದಲ್ಲಿ ಮಗನ ಮನೆಯಲ್ಲಿದ್ದಾಳೆ. ಎಂಬತ್ತೈದು ದಾಟಿದ ಮುದುಕಿ. ಮಗಳನ್ನು ಬಿಟ್ಟು ಬೇರೆ ಯಾರು ತಲೆಗೆ ಬಾಚುವ ಹಣಿಗೆ ಹಚ್ಚಿದರೂ ಕೈ ತಳ್ಳುತ್ತಾಳೆ. ಮೊದಲು ರೇಣವ್ವ ಪ್ರತಿ ರವಿವಾರ ಹೋಗಿ ಎಣ್ಣೆ ಹಚ್ಚಿ ಬಾಚಿ ಬರುತ್ತಿದ್ದಳು. ಅದು ನಿಂತು ಈಗ ಐದು ತಿಂಗಳಾಯಿತು. ಆಟೋದಲ್ಲಿ ಒಮ್ಮೆ ಹೊರಟೆವು, ನಡುದಾರಿಯ ದೇಸೂರ ಬರುವುದರೊಳಗೆ ನೋವಿಗೆ ಬಿಳಚಿಕೊಂಡಳು, ತಿರುಗಿ ಬಂದೆವು. ಸೆಪ್ಟೆಂಬರಿನಲ್ಲಿ ಬಾಡಿಗೆ ಕಾರು ಮಾಡಿದೆವು. ಆ ಡ್ರೈವರನಿಗೆ ಬೇರೆ ಭಾಡೆ ಇತ್ತಂತೆ, ಹೊರಗೆ ನಿಂತು ಹಾರ್ನ್ ಹೊಡೆದೇ ಹೊಡೆದ. ರೇಣವ್ವ ಅವ್ವನ ಅರ್ಧ ತಲೆ ಬಾಚಿದ್ದಳು. ಹಣಿಗೆ ಅಲ್ಲೇ ಬಿಟ್ಟು ಎದ್ದು ಬಂದಳು. ಅವತ್ತೇ ನಾನು ಹೇಳಿದ್ದು, ಕಾರು ನಮ್ಮದೇ ಇರಬೇಕು ಅಂತ.

ಹೊಸದು ನಮ್ಮ ಕೈಗೆ ಎಟುಕುವುದಿಲ್ಲ. ಹಳೆಯದೇ ಆಗಲಿ, ಪೆಟ್ರೋಲಿನದು ಬೇಕು. ಡೀಸೆಲ್ ವಾಸನೆಗೆ ಅವಳಿಗೆ ವಾಂತಿ ಬರುತ್ತದೆ. ನಡೆಸುವವರು ಯಾರು ಎಂಬುದು ಬೇರೆ ತಕರಾರು. ಸಂಜಯ ಸ್ಟಿಯರಿಂಗ್ ಹಿಡಿದರೆ ನಡುಗುತ್ತಾನೆ. ಲೈಸೆನ್ಸು ಇರುವುದು ಸೊಸೆಗೆ. ಸೊಸೆ ನಡೆಸುವ ಕಾರಿನಲ್ಲಿ ನಾನು ಮುಂದೆ ಕೂರುವವನಲ್ಲ. ಇವತ್ತೇ ಹೇಳಿಬಿಟ್ಟಿದ್ದೇನೆ.

ಸೊಸೆ ಮೊಬೈಲಿನಲ್ಲಿ ಎರಡು ಕಾರು ಹುಡುಕಿದ್ದಾಳೆ. ಒಂದು ಬಿಳಿ, ಇಲ್ಲೇ ಬೆಳಗಾವಿಯ ಹಳೆ ಕಾರಿನ ಅಂಗಡಿಯದು. ಇನ್ನೊಂದು ಬೂದು ಬಣ್ಣದ್ದು, ಖಾನಾಪುರದಲ್ಲಿದೆ, ಒಬ್ಬನೇ ಮಾಲಕ.

"ಮಾಲಕನ ಹೆಸರೇನು?" ಅಂದೆ.

"ಗಜಾನನ ಅಂತ್ರಿ ಮಾಮಾರ. ನಿಮ್ಮ ಫೌಂಡ್ರ್ಯಾಗ ಇದ್ದರಂತಲ್ರಿ. ಅತ್ತಿಯಾರು ಹೇಳಿದ್ರು."

ರಿಜೆಕ್ಟು.

ನವೆಂಬರ್ 4, ಮಂಗಳವಾರ

ಗಜಾನನ ಪ್ಯಾಟರ್ನ್ ಶಾಪಿನ ಬಡಗಿ. ಅವನು ಕಟ್ಟಿಗೆಯಲ್ಲಿ ಮಾದರಿ ಕೆತ್ತಬೇಕು, ಅದರ ಅಚ್ಚನ್ನು ಮರಳಲ್ಲಿ ತೆಗೆದು ಎರಕ ಹೊಯ್ಯಬೇಕು, ಕಡೆಗೆ ನಾನು ಬಡಿದು ನೋಡಬೇಕು. ಕಾಸ್ಟಿಂಗನ್ನು ಕೊಕ್ಕೆಗೆ ತೂಗುಹಾಕಿ ಸಣ್ಣ ಸುತ್ತಿಗೆಯಿಂದ ಒಂದೇ ಪೆಟ್ಟು. ಗುಡಿಯ ಗಂಟೆಯಂತೆ ದನಿ ಉದ್ದಕ್ಕೆ ಹೋದರೆ ಪಾಸು. ಒಡಕು ಗಡಿಗೆಯಂತೆ ಅಲ್ಲೇ ಸತ್ತರೆ ರಿಜೆಕ್ಟು. ಕಣ್ಣಿಗೆ ಕಾಣದ ಬಿರುಕು ನನ್ನ ಕಿವಿಗೆ ಸಿಗುತ್ತಿತ್ತು. ಉದ್ಯಮಬಾಗದಲ್ಲಿ ಬೇರೆ ಫೌಂಡ್ರಿಯವರೂ ನನ್ನನ್ನು ಕರೆಸಿಕೊಳ್ಳುತ್ತಿದ್ದರು.

ಇಪ್ಪತ್ತಾರು ವರ್ಷ ಇಬ್ಬರೂ ಕೂಡಿ ಉಂಡೆವು. ನನ್ನ ಜೋಳದ ರೊಟ್ಟಿ ಅವನಿಗೆ, ಅವನ ಅಕ್ಕಿ ಭಾಕರಿ ನನಗೆ. ನನ್ನ ರಿಟೈರ್‌ಮೆಂಟಿಗೆ ಐದು ತಿಂಗಳಿದ್ದಾಗ ನಾನು ಪಾಸು ಮಾಡಿದ ಎರಡು ಪಂಪಿನ ಕೇಸಿಂಗು, ಅಂದರೆ ಹೊರಗಿನ ಕವಚ, ಒಡೆದಿವೆ ಎಂದು ಗಿರಾಕಿ ವಾಪಸು ಕಳಿಸಿದ. ಸಾಗಿಸುವಾಗ ಬೀಳಿಸಿರುತ್ತಾರೆ. ಗಜಾನನ ಸೂಪರ್‌ವೈಸರನ ಮುಂದೆ, ಎಲ್ಲರ ಮುಂದೆ, "ಕರೆಪ್ಪನ ಕಿವಿ ಹೋಗ್ಯಾವ. ಸುತ್ತಿಗಿ ಬ್ಯಾರೇದವಂಗ ಕೊಡ್ರಿ" ಅಂದ. ಅವತ್ತು ನನ್ನ ಬುತ್ತಿ ಎತ್ತಿಕೊಂಡು ಬೇರೆ ಕಡೆ ಹೋಗಿ ಕೂತವನು ಇವತ್ತಿನವರೆಗೂ ಅವನ ಮುಖ ನೋಡಿಲ್ಲ. ಸುತ್ತಿಗೆಯನ್ನು ಯಾರಿಗೂ ಕೊಡಲಿಲ್ಲ. ನನ್ನ ಟ್ರಂಕಿನಲ್ಲೇ ಇದೆ.

ನವೆಂಬರ್ 5, ಬುಧವಾರ

ಬೇಳೆ ಹೊತ್ತಿತು. ರೇಣವ್ವ ಮೂರು ಸೀಟಿಗೆ ಗ್ಯಾಸ್ ಬಂದ್ ಮಾಡಿ ಎಂದು ಹೇಳಿ ಹಿತ್ತಲಿಗೆ ಹೋಗಿದ್ದಳು. ನಾನು ಪಡಸಾಲೆಯಲ್ಲಿ ಪೇಪರ್ ಹಿಡಿದು ಕೂತಿದ್ದೆ, ಎಲ್ಲೂ ಎದ್ದಿಲ್ಲ. ಒಂದು ಸೀಟಿಯೂ ಹೊಡೆಯಲಿಲ್ಲ. ಕುಕ್ಕರ್ ಕೆಟ್ಟಿದೆ. ಹಾಗೆ ಹೇಳಿದರೆ ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿದರು.

ಈ ಮನೆಯಲ್ಲಿ ಈಗ ಎಲ್ಲರೂ ಬಾಯೊಳಗೇ ಮಾತಾಡುತ್ತಾರೆ. ರೇಣವ್ವ ಮೊದಲು ಕೆಲಸ ಮಾಡುತ್ತ ಬೀಸುವ ಪದ ಗುನುಗುತ್ತಿದ್ದಳು. ಅದನ್ನೂ ಬಿಟ್ಟು ಏಳೆಂಟು ವರ್ಷವಾಯಿತು. ವಯಸ್ಸಾದರೆ ಹಾಡೂ ಬಿಟ್ಟುಹೋಗುತ್ತದೆ ಅಂತ ಕಾಣುತ್ತದೆ.

ನವೆಂಬರ್ 6, ಗುರುವಾರ

ಬಿಳಿ ಕಾರು ನೋಡಿ ಬಂದೆವು, ನಾನು ಮತ್ತು ಸೊಸೆ. ಅಂಗಡಿಯವನ ಹೆಸರು ಅಮರ. ಕೂದಲಿಗೆ ಎಣ್ಣೆ, ಮಾತಿಗೂ ಎಣ್ಣೆ. ಕಾರು ಫಳಫಳ ಹೊಳೆಯುತ್ತಿತ್ತು. ನಾನು ಹೊಳಪಿಗೆ ಮರುಳಾಗುವವನಲ್ಲ. ಬಾನೆಟ್ ತೆರೆಸಿ ಸ್ಟಾರ್ಟ್ ಮಾಡಿಸಿದೆ. ನನ್ನ ಸುತ್ತಿಗೆ ಒಯ್ದಿದ್ದೆ. ಹಿಡಿಕೆಯ ತುದಿಯನ್ನು ಇಂಜಿನ್ನಿಗೆ ಊರಿ, ಇನ್ನೊಂದು ಕಡೆಗೆ ಕಿವಿ ಹಚ್ಚಿದೆ. ಒಣ ಜೋಳದ ಕಣಕಿಯ ಮೇಲೆ ಬೆಕ್ಕು ಮಲಗಿದಂತೆ ಇತ್ತು. ಒಂದು ತಕರಾರು ಇಲ್ಲ.

"ಮಾಮಾರ, ಒಳಗ ಏನೋ ಟಕ್ ಟಕ್ ಅಂತದ ಅಲ್ರಿ?" ಅಂದಳು ಸೊಸೆ.

"ಇದು ನಿನ್ನ ಹೊಲಿಗಿ ಮಶೀನ ಅಲ್ಲ. ಸುಮ್ನಿರು."

ಅಮರ ನಕ್ಕ. "ಅಜ್ಜಾರ ಪಾಸ್ ಮಾಡಿದ ಮ್ಯಾಲ ಮುಗೀತ್ ಬಿಡ್ರಿ ಅಕ್ಕಾರ. ಇಂಥಾ ಕಿವಿ ಈಗೆಲ್ಲಿ ಸಿಗತಾವ್ರಿ?"

ಹುಡುಗ ಮನುಷ್ಯರನ್ನು ಬಲ್ಲವನು. ಮುಂದಿನ ಗುರುವಾರ ಬಂದು ಕಾಗದಪತ್ರ ಮುಗಿಸುತ್ತೇನೆ ಎಂದು ಮಾತು ಕೊಟ್ಟೆ. ಸೊಸೆ ಹೊರಡುವ ಮುಂಚೆ ಹಿಂದಿನ ಬಾಗಿಲು ತೆರೆದು ಬ್ಲೌಜು ಅಳೆಯುವ ಟೇಪು ಹಿಡಿದು ಏನೋ ಅಳೆದಳು. ಕಾರಿಗೆ ಸೀರೆ ಉಡಿಸುತ್ತಾಳೋ ಏನೋ.

ಪಾಸು.

ನವೆಂಬರ್ 8, ಶನಿವಾರ

ಅವಳು ಅಳೆದಿದ್ದು ಸೀಟಿನ ಎತ್ತರ. ಇವತ್ತು ಬೆಳಿಗ್ಗೆ ರೇಣವ್ವನ ಮಂಚ, ಪಡಸಾಲೆಯ ಕುರ್ಚಿ ಎಲ್ಲ ಅಳೆದು ನನ್ನ ಮುಂದೆ ಬಂದು ನಿಂತಳು.

"ಮಾಮಾರ, ಅತ್ತಿಯಾರು ಮಂಚದ ಮ್ಯಾಲಿಂದ ತಾವ ಏಳತಾರ. ಕುರ್ಚಿಯಿಂದ ಏಳಬೇಕಂದ್ರ ನನ್ನ ಕೈ ಬೇಕು. ಆ ಬಿಳಿ ಕಾರಿನ ಸೀಟ ಕುರ್ಚೀಗಿಂತ ನಾಕ ಬೆರಳ ಕೆಳಗೈತ್ರಿ."

"ಕಾರ ತಗೊಳ್ಳುವಾಗ ಇಂಜಿನ್ ನೋಡತಾರ. ಸೀಟ ಯಾರ ನೋಡತಾರ?"

ಒಳಗಿಂದ ರೇಣವ್ವ ಗಟ್ಟಿಯಾಗಿ ಹೇಳಿದಳು. "ಇಂಜಿನ್ ಮ್ಯಾಲ ಕುಂದರಾಕಿ ನಾ ಅಲ್ರಿ."

ಸಂಜಯ ನಕ್ಕ. ಅವನಿಗೆ ಬೈದೆ. ಖಾನಾಪುರದ್ದನ್ನೂ ಒಮ್ಮೆ ನೋಡಿ ಬನ್ನಿ ಎಂದು ಮೂವರೂ ಒಂದೇ ಹಟ. ಸರಿ, ನಾಳೆ ಹೋಗಿ ನೋಡಿ ರಿಜೆಕ್ಟು ಮಾಡಿ ಬರುತ್ತೇನೆ. ನೋಡದೆ ರಿಜೆಕ್ಟು ಮಾಡಿದ ಎಂಬ ಮಾತು ನನಗೆ ಬೇಡ.

ನವೆಂಬರ್ 9, ರವಿವಾರ

ಸೊಸೆಯ ಜೊತೆ ಬಸ್ಸಿನಲ್ಲಿ ಖಾನಾಪುರಕ್ಕೆ ಹೋಗಿದ್ದೆ. ಗಜಾನನ ಬಾಗಿಲಲ್ಲೇ ನಿಂತಿದ್ದ. ತಲೆ ಪೂರ್ತಿ ಬೆಳ್ಳಗಾಗಿದೆ. ನಾನು ಅಂಗಳದ ಕಟ್ಟೆಯ ಮೇಲೆ ಬೀದಿ ಕಡೆ ಮುಖ ಮಾಡಿ ಕೂತೆ. ಅವನು ನನ್ನನ್ನು ಮಾತಾಡಿಸಲಿಲ್ಲ. ಸೊಸೆಯ ಮುಖಾಂತರ ಶುರುಮಾಡಿದ.

"ತಂಗಿ, ನಿಮ್ಮ ಮಾವಗ ಕೇಳು, ಚಹಾಕ್ಕ ಸಕ್ರಿ ಮೊದಲಿನಷ್ಟ ಹಾಕೂದೋ ಏನ ಶುಗರ್ ಹಚ್ಚಿಕೊಂಡಾನೋ ಅಂತ."

"ನಾವು ಚಹಾ ಕುಡಿಯಾಕ ಬಂದಿಲ್ಲ ಅಂತ ಹೇಳು ಅವಗ," ಅಂದೆ.

"ಹೌದೇನು? ಮತ್ತ ಕೈ ಯಾಕ ಚಹಾದ ಬಶಿ ಕಡೆ ಹೊಂಟೈತಿ, ಕೇಳು."

ಚಹಾ ಕುಡಿದೆ. ಅನ್ನದ ಮೇಲೆ, ಚಹಾದ ಮೇಲೆ ಸಿಟ್ಟು ಮಾಡಬಾರದು.

ಕಾರು ಬೂದು ಬಣ್ಣದ್ದು. ಎತ್ತರವಾಗಿ ಡಬ್ಬಿಯಂತಿದೆ, ನೋಡಲು ಚಂದವಿಲ್ಲ. ಎಡಗಡೆ ಬಾಗಿಲಿಗೆ ಉದ್ದಕ್ಕೆ ಗೀರು. ನಾನು ಅದನ್ನು ನೋಡುತ್ತಿದ್ದಂತೆ ಅವನೇ ಹೇಳಿದ. "ಗೇಟಿನ ಕಂಬಕ್ಕ ಹಚ್ಚಿದ್ದು, ತಂಗಿ. ಸಂಜಿ ಆದ್ರ ಕಂಬ ನನಗ ಕಾಣೂದಿಲ್ಲ. ಕಣ್ಣಿನ ನರ ಒಣಗ್ಯಾವಂತ. ಹೇಳಾಕ ನಾಚಿಗಿ ಏನೈತಿ, ಕದ್ದು ತಂದ ಕಣ್ಣೇನಲ್ಲ. ಇವತ್ತ ಕಂಬ, ನಾಳೆ ಯಾರದರೇ ಕೂಸು ಅಡ್ಡ ಬಂದ್ರ? ಅದಕ್ಕ ಮಾರಾಕತ್ತೇನಿ."

ಸುತ್ತಿಗೆ ಹಚ್ಚಿ ಇಂಜಿನ್ ಕೇಳಿದೆ. ಅದೇ ಬೆಕ್ಕು, ಅದೇ ಕಣಕಿ.

"ಇದರಾಗ ಏನೂ ಸಪ್ಪಳ ಇಲ್ರಿ ಮಾಮಾರ," ಅಂದಳು ಸೊಸೆ.

"ಅದರಾಗೂ ಇದ್ದಿದ್ದಿಲ್ಲ," ಅಂದೆ.

ಗಜಾನನ ನನ್ನ ಕಡೆ ತಿರುಗಿದ. ಏನೋ ಹೇಳುತ್ತಾನೆ ಎಂದು ನಾನೂ ತಯಾರಾದೆ. ಅವನು ಒಳಗೆ ಹೋಗಿ ಬಶಿ ಕಪ್ಪು ಇಟ್ಟು ಬಂದ.

ಸೊಸೆ ಟೇಪು ಹಿಡಿದಳು. ಸೀಟು ಮಂಚದಷ್ಟೇ ಎತ್ತರ ಇದೆಯಂತೆ. ಇರಲಿ. ಎರಡರ ಸಪ್ಪಳವೂ ಒಂದೇ ಎಂದ ಮೇಲೆ ಹೊಳೆಯುವುದನ್ನು ಬಿಟ್ಟು ಗೀರಿನದನ್ನು ಯಾಕೆ ತರಬೇಕು? ಬಿಳಿಯದೇ ಸೈ. ಗಜಾನನನ ಕಾರಿನಲ್ಲಿ ಕೂತು ಹೆಂಡತಿಯ ತವರಿಗೆ ಹೋಗುವ ಗತಿ ನನಗೆ ಬಂದಿಲ್ಲ.

ನವೆಂಬರ್ 10, ಸೋಮವಾರ

ನಿನ್ನೆ ಬರೆದದ್ದನ್ನು ಇವತ್ತು ಓದಿದೆ. ಎರಡರ ಸಪ್ಪಳವೂ ಒಂದೇ.

ಒಂದೇ ಪ್ಯಾಟರ್ನಿನಿಂದ, ಒಂದೇ ದಿನ, ಒಂದೇ ಭಟ್ಟಿಯಿಂದ ಹೊಯ್ದ ಎರಡು ಕಾಸ್ಟಿಂಗು ಕೂಡ ಒಂದೇ ದನಿ ಕೊಡುವುದಿಲ್ಲ. ಮೂವತ್ತೆಂಟು ವರ್ಷದಲ್ಲಿ ಒಮ್ಮೆಯೂ ಕೊಟ್ಟಿಲ್ಲ. ಹೊಸಬರಿಗೆ ನಾನೇ ಇದನ್ನು ಹೇಳಿಕೊಡುತ್ತಿದ್ದೆ. ಬೇರೆ ಬೇರೆ ಕಂಪನಿಯ ಎರಡು ಹಳೆ ಕಾರು ಹೇಗೆ ಕೊಟ್ಟವು?

ಸುತ್ತಿಗೆಯನ್ನು ಮತ್ತೆ ಟ್ರಂಕಿನಿಂದ ತೆಗೆದಿಟ್ಟೆ.

ನವೆಂಬರ್ 11, ಮಂಗಳವಾರ

ಸೊಸೆ ಪೇಟೆಗೆ ಹೋಗಿದ್ದಳು. ಅಟ್ಟದ ಮೇಲೆ ರೊಟ್ಟಿ ಸುಡುವ ಒಡೆದ ಬೀಡಿನ ಹಂಚು ಇತ್ತು, ಅಡುಗೆಮನೆಯಲ್ಲಿ ಒಳ್ಳೆಯದು ಇತ್ತು. ಎರಡನ್ನೂ ಹಿತ್ತಲಿಗೆ ಒಯ್ದು ಬಟ್ಟೆ ಒಣಹಾಕುವ ತಂತಿಗೆ ದಾರ ಕಟ್ಟಿ ತೂಗುಹಾಕಿದೆ. ಸುತ್ತಿಗೆಯಿಂದ ಒಳ್ಳೆಯದಕ್ಕೆ ಒಂದು ಪೆಟ್ಟು. ಒಡೆದದ್ದಕ್ಕೆ ಒಂದು. ಮತ್ತೆ ಒಳ್ಳೆಯದಕ್ಕೆ. ಎಡಗಿವಿ ಕೊಟ್ಟೆ. ಬಲಗಿವಿ ಕೊಟ್ಟೆ.

ಅಡುಗೆಮನೆಯ ಕಿಟಕಿಯಿಂದ ರೇಣವ್ವ ಗಟ್ಟಿಯಾಗಿ ಹೇಳಿದಳು. ಹಿತ್ತಲ ಕಡೆ ಮುಖವೂ ಇರಲಿಲ್ಲ ಅವಳದು, ಒಲೆಯ ಮುಂದೆ ನಿಂತಿದ್ದಳು.

"ಎರಡನೇದ್ದು ಒಡದೈತ್ರಿ. ಅದಕ್ಯಾಕ ಬಡಿತೀರಿ, ಬಿಡ್ರಿ."

ನವೆಂಬರ್ 12, ಬುಧವಾರ

ಬರೆಯುವಂಥದ್ದು ಏನೂ ಇಲ್ಲ.

ನವೆಂಬರ್ 13, ಗುರುವಾರ

ಒಬ್ಬನೇ ಅಮರನ ಅಂಗಡಿಗೆ ಹೋದೆ. ಅವನು ಕಾಗದ ತೆಗೆದಿಟ್ಟುಕೊಂಡು ಕೂತಿದ್ದ. ಮತ್ತೊಮ್ಮೆ ಸ್ಟಾರ್ಟ್ ಮಾಡು ಅಂದೆ. ಈ ಸಲ ಸುತ್ತಿಗೆ ಒಯ್ದಿರಲಿಲ್ಲ. ಇಂಜಿನ್ ಬಿಸಿಯಾಗುವ ಮೊದಲು ಬಲಗೈ ಅಂಗೈಯನ್ನು ಅದರ ತಲೆಯ ಮೇಲೆ ಇಟ್ಟು ಕಣ್ಣು ಮುಚ್ಚಿದೆ. ಸುತ್ತಿಗೆ ಹಿಡಿದು ಹಿಡಿದು ಜಡ್ಡುಗಟ್ಟಿದ ಕೈ, ಆದರೂ ಇನ್ನೂ ಸತ್ತಿಲ್ಲ. ಮೂರು ಬಡಿತ ಸರಿಯಾಗಿ ಬರುತ್ತಿತ್ತು. ನಾಲ್ಕನೆಯದು ಮೊಣಕೈ ತನಕ ಹೊಡೆಯುತ್ತಿತ್ತು. ಮೂರು, ಒಂದು. ಮೂರು, ಒಂದು. ಸೊಸೆ ಹೇಳಿದ ಟಕ್ ಟಕ್ ಇದೇ.

"ಒಳಗ ಹೊಡತ ಐತಿ. ಬಿಚ್ಚಿಸಿ ರಿಪೇರಿ ಮಾಡಿಸಿ ಮಾರು," ಅಂದೆ.

ಅಮರನ ಮುಖದ ಎಣ್ಣೆ ಆರಿತು. "ಅವತ್ತ ಪಾಸ್ ಅಂದಿದ್ರಲ್ಲಾ ಅಜ್ಜಾರ. ಮಾತು ಕೊಟ್ಟೀರಿ."

"ಅವತ್ತ ಕಿವೀಲೆ ನೋಡಿದ್ದೆ."

ನಾನು ಕೊಟ್ಟ ಮಾತು ತಿರುಗಿ ತೆಗೆದುಕೊಂಡದ್ದು ಇದೇ ಮೊದಲು. ರೇಣವ್ವನನ್ನು ಕೂರಿಸಿಕೊಂಡು ಹೋಗುವಾಗ ದೇಸೂರ ಹತ್ತಿರ ಅದು ನಿಂತುಬಿಟ್ಟಿದ್ದರೆ? ಸೊಂಟದ ರಾಡು ಹೊತ್ತು ಹೈವೇ ಬಾಜೂಕ ನಿಲ್ಲಬೇಕಿತ್ತು ಅವಳು. ನಾನು ಪಾಸು ಮಾಡಿದ ಕಾರಿನ ದೆಸೆಯಿಂದ.

ನವೆಂಬರ್ 14, ಶುಕ್ರವಾರ

ಎಲ್ಲಿಗೆ ಹೋಗುತ್ತೇನೆ ಎಂದು ಹೇಳದೆ ಖಾನಾಪುರಕ್ಕೆ ಹೋದೆ. ರೇಣವ್ವ ಕೇಳಲೂ ಇಲ್ಲ. ಬುತ್ತಿ ಕಟ್ಟಿ ಕೈಗೆ ಕೊಟ್ಟಳು.

ಗಜಾನನ ಅಂಗಳದಲ್ಲಿ ಕೂತು ಕಟ್ಟಿಗೆಯ ತುಂಡೊಂದನ್ನು ಕೈಯಿಂದ ಸವರಿ ಸವರಿ ನೋಡುತ್ತ ಉಜ್ಜುಗಾಗದ ಹಾಕುತ್ತಿದ್ದ. ಗೇಟಿನಲ್ಲಿ ನಿಂತೆ.

"ಯಾರು?"

"ನಾ, ಕರೆಪ್ಪ."

"ಇವತ್ತ ಸೊಸಿ ಇಲ್ಲ. ಮಾತು ಹೆಂಗ ಆಡೂಣು?"

ಕಟ್ಟೆಯ ಮೇಲೆ ಕೂತೆ, ಈ ಸಲ ಅವನ ಕಡೆ ಮುಖ ಮಾಡಿ. "ಲೇ ಗಜಾ, ಆ ಕೇಸಿಂಗ್ ನಾ ಬಡದಾಗಲೇ ಒಡದಿದ್ವೇನು?"

ಅವನು ಕಟ್ಟಿಗೆ ಕೆಳಗಿಟ್ಟ. "ಒಡದಿದ್ವು. ನಾ ನಿನ್ನ ಹಿಂದ ನಿಂತಿದ್ದೆ. ಸತ್ತ ದನಿ ಬಂತು, ನೀ ಪಾಸ್ ಅಂತ ಬರದಿ. ಮರುದಿನ ಮತ್ತೊಂದು ಹಂಗ ಆತು."

"ಅವತ್ತ ಯಾಕ ಹೇಳಲಿಲ್ಲ?"

"ಹೆಂಗ ಹೇಳೂದು? ನಿನಗ ಇದ್ದದ್ದ ಅದೊಂದ ದೌಲತ್ತು. ಎರಡ ತಿಂಗಳ ನುಂಗಿಕೊಂಡ ಕುಂತೆ. ಮಾಲು ವಾಪಸ್ ಬಂದ ಕೂಡಲೆ ಸಿಟ್ಟಿಲೆ ಎಲ್ಲಾರ ಮುಂದ ಒದರಿಬಿಟ್ಟೆ. ಬಾಜೂಕ ಕರದು ಹೇಳಬೇಕಾಗಿತ್ತು. ಚೂಕ ನಂದು ಐತಿ."

ಹತ್ತು ವರ್ಷದಿಂದ ಅವನಿಗೆ ಅನ್ನಬೇಕು ಎಂದು ಕೂಡಿಸಿಟ್ಟ ಬೈಗುಳ ಇದ್ದವು. ಒಂದೂ ನೆನಪಾಗಲಿಲ್ಲ.

"ಕಿವಿ ಹೋಗ್ಯಾವಲೇ," ಅಂದೆ. ಜೋರಾಗಿ ಅಂದೆನೋ ಮೆಲ್ಲಗೆ ಅಂದೆನೋ ಗೊತ್ತಿಲ್ಲ.

"ನನ್ನ ಕಣ್ಣ ಹೋಗ್ಯಾವ. ಇಬ್ಬರೂ ಕೂಡಿದ್ರ ಒಬ್ಬ ಚಲೋ ಮನಷ್ಯಾ ಆಗತೇವಿ."

ನಕ್ಕೆವು. ಅವನ ನಗು ನನಗೆ ಕೇಳಿಸಿತು. ಮೊದಲಿನಂತೆ ಸೈಕಲ್ಲಿಗೆ ಗಾಳಿ ಹೊಡೆದ ಹಾಗೆಯೇ ಇದೆ.

"ಕಾರ ಕೊಡ್ತೀ ಏನು?" ಅಂದೆ.

"ನಿನಗ ಕೊಡಂಗಿಲ್ಲ. ಆ ಹುಡಿಗಿಗೆ ಕೊಡ್ತೇನಿ. ಟೇಪ್ ಹಿಡದು ಕಾರ ನೋಡಾಕಿನ್ನ ನನ್ನ ಜನ್ಮದಾಗ ನೋಡಿದ್ದಿಲ್ಲ. ಪ್ಯಾಟರ್ನ್ ಶಾಪಿಗೆ ಬಂದಿದ್ರ ನನಗ ಬುದ್ಧಿ ಹೇಳತಿದ್ಲು."

ಬೆಲೆಯ ಮಾತು ತೆಗೆಯಲು ಹೋದೆ. ಅದನ್ನೂ ಅವಳು ಫೋನಿನಲ್ಲಿ ಮುಗಿಸಿದ್ದಾಳಂತೆ, ನಾನು ಅಮರನಿಗೆ ಮಾತು ಕೊಡುವ ಮೊದಲೇ. ಸಿಟ್ಟು ಬರಬೇಕಿತ್ತು.

ಬುತ್ತಿ ಬಿಚ್ಚಿದರೆ ಆರು ರೊಟ್ಟಿ ಇದ್ದವು. ನಾನು ತಿನ್ನುವುದು ಎರಡು. ಗಜಾನನ ಒಳಗಿನಿಂದ ಭಾಕರಿ ತಂದ.

ನವೆಂಬರ್ 16, ರವಿವಾರ

ಕಾರು ಮನೆಗೆ ಬಂತು. ಖಾನಾಪುರದಿಂದ ಸೊಸೆ ಪೂರ್ಣಿಮಾ ನಡೆಸಿಕೊಂಡು ಬಂದಳು. ನಾನು ಮುಂದೆ ಕೂತಿದ್ದೆ. ಹಿಂದಿನ ಸೀಟಿನಲ್ಲಿ ಗಜಾನನ ಕೊಟ್ಟ ಹಲಸಿನ ಹಪ್ಪಳದ ಡಬ್ಬಿ, ಒಂದು ಕಟ್ಟಿಗೆಯ ಪಾವಟಿಗೆ ಇದ್ದವು, ಅದಕ್ಕೆ. ಪಾವಟಿಗೆ ಅವನೇ ಮಾಡಿದ್ದು. ರೇಣವ್ವ ಅದರ ಮೇಲೆ ಒಂದು ಕಾಲಿಟ್ಟು ಕಾರು ಹತ್ತಬೇಕಂತೆ. ಅವತ್ತು ಅಂಗಳದಲ್ಲಿ ಉಜ್ಜುತ್ತಿದ್ದುದು ಅದೇ.

ಹುಡುಗಿ ಲಾರಿಗಳಿಗೆ ದಾರಿ ಬಿಟ್ಟು ನಿಧಾನಕ್ಕೆ ನಡೆಸುತ್ತಾಳೆ. ತಿರುವಿನಲ್ಲಿ ಒಮ್ಮೆಯೂ ಬಯ್ಯಬೇಕಾಗಲಿಲ್ಲ. ಬೈದದ್ದು ಅಭ್ಯಾಸಕ್ಕೆ.

ಗೇಟಿನೊಳಗೆ ಬಂದ ಕೂಡಲೆ ರೇಣವ್ವ ಪಾವಟಿಗೆ ಹಾಕಿಸಿಕೊಂಡು ಹತ್ತಿದಳು. ಇಳಿದಳು. ಮತ್ತೆ ಹತ್ತಿದಳು. ಯಾರ ಕೈಯನ್ನೂ ಹಿಡಿಯಲಿಲ್ಲ. ಓಣಿಯ ಹೆಂಗಸರು ನೋಡುತ್ತಿದ್ದರು. ನೋಡಲಿ.

ಕಿವಿ ಡಾಕ್ಟರರ ಹತ್ತಿರ ಮುಂದಿನ ತಿಂಗಳು ನಾಲ್ಕನೇ ತಾರೀಕು ಹೋಗಬೇಕು ಎಂದು ಪೂರ್ಣಿಮಾ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾಳೆ. ನೋಡೋಣ ಅಂದಿದ್ದೇನೆ. ಕುಕ್ಕರಿಗೆ ಹೊಸ ಸೀಟಿ ತರಬೇಕೆಂದು ಬರೆದಿದ್ದ ಚೀಟಿ ಹರಿದುಹಾಕಿದೆ.

ನವೆಂಬರ್ 23, ರವಿವಾರ

ಖಾನಾಪುರಕ್ಕೆ ಹೋಗಿ ಬಂದೆವು. ರೇಣವ್ವನ ಅವ್ವ ಅಂಗಳದಲ್ಲಿ ಬಿಸಿಲಿಗೆ ಕೂತಿದ್ದಳು. ತಲೆ ಹಕ್ಕಿಯ ಗೂಡಾಗಿತ್ತು. ಮಗಳನ್ನು ನೋಡಿ ತಲೆ ಬಗ್ಗಿಸಿ ಕೊಟ್ಟಳು. ಆ ಹಣಿಗೆ ಸೆಪ್ಟೆಂಬರಿನಲ್ಲಿ ಬಿಟ್ಟುಬಂದ ಗೋಡೆಯ ಗೂಡಿನಲ್ಲೇ ಇತ್ತು. ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಬಾಚಿ ತುರುಬು ಕಟ್ಟಲು ಎರಡು ತಾಸು ಹಿಡಿಯಿತು. ಹೊರಗೆ ಕಾರಿನಲ್ಲಿ ಪೂರ್ಣಿಮಾ ಸೀಟು ಹಿಂದಕ್ಕೆ ಹಾಕಿ ನಿದ್ದೆ ಹೋಗಿದ್ದಳು. ಯಾರೂ ಹಾರ್ನ್ ಹೊಡೆಯಲಿಲ್ಲ. ಗಜಾನನನೂ ಬಂದಿದ್ದ, ನಾವಿಬ್ಬರೂ ಗೋಡೆಗೆ ಒರಗಿ ಕೂತು ಜಗಳಾಡಿದೆವು, ಯಾವ ವರ್ಷ ಹೊಸ ಭಟ್ಟಿ ಬಂತು ಎಂಬುದಕ್ಕೆ.

ಬರುವಾಗ ನಾನು ಮುಂದೆ ಕೂತಿದ್ದೆ. ಅಷ್ಟಷ್ಟು ದೂರ ಬಂದಾಗೊಮ್ಮೆ ಕೇಳುತ್ತಿದ್ದೆ. "ಪೂರ್ಣಿಮಾ, ಏನರೇ ಸಪ್ಪಳ ಬರ್ತೈತೇನು?"

"ಇಲ್ರಿ ಮಾಮಾರ."

ದೇಸೂರ ಹತ್ತಿರ ಬಂದಾಗ ಮತ್ತೆ ಕೇಳಿದೆ.

"ಇಂಜಿನ್ನಿಂದ ಏನಿಲ್ರಿ. ಹಿಂದಿನ ಸೀಟಿಂದ ಬರಾಕತ್ತೈತಿ."

"ಏನ ಸಪ್ಪಳ?"

"ಅತ್ತಿಯಾರು ಹಾಡಾಕತ್ಯಾರ್ರಿ."

ಹಿಂದೆ ತಿರುಗಿ ನೋಡಿದೆ. ರೇಣವ್ವ ಕಿಟಕಿಯ ಹೊರಗೆ ನೋಡುತ್ತಿದ್ದಳು. ತುಟಿ ಅಲ್ಲಾಡುತ್ತಿದ್ದವು.

"ಯಾವಾಗಿಂದ ಹಾಡಾಕತ್ಯಾಳ?"

"ದಿನಾ ಹಾಡತಾರಲ್ರಿ. ನಾ ಮದವಿ ಆಗಿ ಬಂದಾಗಿಂದ ಕೇಳಾಕತ್ತೇನಿ. ರೊಟ್ಟಿ ಬಡಿಯೂ ಮುಂದ ಒಂದ ದಿನಾನೂ ಬಿಟ್ಟಿಲ್ಲ."

ಅವಳು ಮದುವೆಯಾಗಿ ಬಂದು ಆರು ವರ್ಷವಾಯಿತು.

ದೇಸೂರ ಸ್ಟೇಷನ್ನಿನ ದಾರಿಯ ಹತ್ತಿರ ಕಾರು ನಿಲ್ಲಿಸಲು ಹೇಳಿದೆ. ಇಳಿದು ಹಿಂದೆ ಹೋಗಿ ಅವಳ ಬಾಜೂಕ ಕೂತೆ. ಕಾರು ಹೊರಟಿತು. ಅವಳ ಬೆನ್ನಿಗೆ ಅಂಗೈ ಹಚ್ಚಿದೆ.

"ಏನ್ರೀ ಇದು, ಸೊಸಿ ಮುಂದ," ಅಂದಳು.

"ಸುಮ್ನ ಹಾಡು."

ಸೀರೆಯ ಕೆಳಗೆ ಬೆನ್ನು ಸಣ್ಣಗೆ ಅದುರತೊಡಗಿತು. ಒಂದೇ ಸಮ, ಉದ್ದಕ್ಕೆ, ನಡುವೆ ಎಲ್ಲೂ ಸಾಯದೆ. ನಮ್ಮ ಖಾಸಬಾಗ ಬರುವ ತನಕ ಕೈ ತೆಗೆಯಲಿಲ್ಲ.

ಪಾಸು.